ಎಡಗಡೆಯ ಪೆಡಲು

"ಬರ್ತಾ ಇಲ್ಲ ಮೇಷ್ಟ್ರೇ. ದವಡೆ ಹಲ್ಲು ಕಿತ್ತ ಹಾಗೆ ಕೀಳ್ಬೇಕು ಇದನ್ನ," ಎಂದ ಮೆಕ್ಯಾನಿಕ್, ಕಾರಿನ ಹೊಟ್ಟೆಯೊಳಗಿಂದ.

ಅವನ ಅರ್ಧ ಮೈ ಒಳಗಿತ್ತು, ಅರ್ಧ ಹೊರಗಿತ್ತು. ಎಡಗಡೆಯ ಸೀಟನ್ನು ಬಿಚ್ಚಿ ಶೆಡ್ಡಿನ ಗೋಡೆಗೆ ಒರಗಿಸಿ, ಅದರ ಜಾಗದಲ್ಲಿ ಅಂಗಾತ ಮಲಗಿ, ತಲೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸಿದ್ದ. ಡ್ರೈವಿಂಗ್ ಮೇಷ್ಟ್ರು ಬಾಗಿಲು ಹಿಡಿದು ನಿಂತಿದ್ದರು. ಆಪರೇಷನ್ನಿಗೆ ಒಳಗೆ ಹೋದವರನ್ನು ಕಾಯುವವರ ಹಾಗೆ, ಸುಮ್ಮನೆ ನಿಲ್ಲಲೂ ಆಗದು, ಕೂರಲೂ ಆಗದು.

ಇಪ್ಪತ್ತೆರಡು ವರ್ಷ ಅವರು ಈ ಕಾರಿನಲ್ಲಿ ಊರಿಗೆಲ್ಲ ಡ್ರೈವಿಂಗ್ ಕಲಿಸಿದ್ದರು. ಕಲಿಸುವ ಕಾರು ಅಂದಮೇಲೆ ಮೇಷ್ಟ್ರು ಕೂರುವ ಎಡಗಡೆಗೂ ಎರಡು ಪೆಡಲು ಇರುತ್ತವೆ, ಒಂದು ಕ್ಲಚ್ಚು, ಒಂದು ಬ್ರೇಕು. ಕಂಬಿ ಹಾಕಿ ಬಲಗಡೆಯವಕ್ಕೆ ಜೋಡಿಸಿರುತ್ತಾರೆ. ಕಲಿಯುವವರು ಗಾಬರಿಬಿದ್ದು ಕೈಕಾಲು ಬಿಟ್ಟರೆ ಮೇಷ್ಟ್ರಾದರೂ ತುಳಿಯಲಿ ಎಂದು. ಇಷ್ಟು ಹಳೆಯ ಗಾಡಿಯಲ್ಲಿ ಇನ್ನು ಕಲಿಸುವಂತಿಲ್ಲ ಎಂದು ಕಚೇರಿಯಿಂದ ಕಾಗದ ಬಂದಿತ್ತು. ಹೊಸ ಕಾರು ಆಗಲೇ ಶೆಡ್ಡಿನ ಹೊರಗೆ ನಿಂತಿತ್ತು, ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ಹಳೆಯದನ್ನು ಒಬ್ಬರು ಕೊಂಡಿದ್ದರು. ಮನೆಬಳಕೆಗೆ ಹೋಗುವ ಗಾಡಿಗೆ ಎರಡನೇ ಜೊತೆ ಪೆಡಲು ಬೇಡ, ಕಿತ್ತು ಕೊಡಬೇಕು.

ಕಡೆಗೂ ಕಟಕ್ ಎಂದಿತು. ಮೆಕ್ಯಾನಿಕ್ ಎದ್ದು ಕೂತು ಪೆಡಲುಗಳನ್ನು ಬೆಳಕಿಗೆ ಹಿಡಿದು ನೋಡಿದ. ಬಗ್ಗಿ ಬಲಗಡೆಯ ಪೆಡಲುಗಳನ್ನೂ ಒಮ್ಮೆ ನೋಡಿದ. ಆಮೇಲೆ ನಗತೊಡಗಿದ.

"ಏನ್ ಮೇಷ್ಟ್ರೇ ಇದು! ಕಲಿಯೋರ ಕಡೆ ರಬ್ಬರು ಇನ್ನೂ ಗೆರೆಗೆರೆ ಇದೆ. ನಿಮ್ಮ ಕಡೇದು ಕಬ್ಬಿಣ ಕಾಣೋ ಹಾಗೆ ಸವೆದುಹೋಗಿದೆ. ಅಲ್ಲಾ, ಊರಿಗೆ ಕಲಿಸಿದ್ರೋ, ಊರನ್ನ ಕೂರಿಸ್ಕೊಂಡು ನೀವೇ ಓಡಿಸಿದ್ರೋ?"

"ರಬ್ಬರು ಹಳೇದು, ಅಷ್ಟೇ," ಎಂದರು ಮೇಷ್ಟ್ರು.

"ಎರಡೂ ಒಂದೇ ದಿನ ಹಾಕಿದ್ದು. ನಾನೇ ಹಾಕಿದ್ದಲ್ವಾ?"

ಅವನು ತಮಾಷೆಗೆ ಅಂದಿದ್ದ. ಅಂದು, ಪೆಡಲುಗಳನ್ನು ಗುಜರಿ ಡಬ್ಬಕ್ಕೆ ಎಸೆದು, ಮರೆತು, ಸೀಟು ಜೋಡಿಸಲು ಹೋದ. ಮೇಷ್ಟ್ರಿಗೆ ಮಾತ್ರ ಕಿವಿ ಬಿಸಿಯಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ತಮ್ಮ ಕಾಲು ನೋಡಿಕೊಂಡರು.

ಆ ಕಾರಿಗೆ ಅಜ್ಜಿ ಎಂದು ಹೆಸರಿಟ್ಟವರು ಎಂದೋ ಕಲಿಯಲು ಬಂದ ಮೂವರು ಗೆಳತಿಯರು. ಏರು ಬಂದರೆ ಏದುಸಿರು ಬಿಡುತ್ತೆ, ಚಳಿಗೆ ಕೆಮ್ಮುತ್ತೆ, ಆದರೆ ಯಾರನ್ನೂ ನಡುದಾರಿಯಲ್ಲಿ ಕೈಬಿಡಲ್ಲ ಎಂದು ಅವರ ವಾದ. ಹೆಸರು ನಿಂತುಬಿಟ್ಟಿತು. ಒಂದು ಕಾಲಕ್ಕೆ ತಿಳಿನೀಲಿ ಇದ್ದ ಬಣ್ಣ ಈಗ ಇಂಥದ್ದೇ ಎಂದು ಹೇಳುವಂತಿರಲಿಲ್ಲ. ಸ್ಟಿಯರಿಂಗಿನ ಎರಡು ಕಡೆ, ಹೊಸಬರು ಜೀವ ಕೈಯಲ್ಲಿ ಹಿಡಿದಂತೆ ಹಿಡಿಯುವ ಜಾಗ, ನುಣ್ಣಗೆ ಸವೆದು ಹೊಳೆಯುತ್ತಿತ್ತು. ಮೇಷ್ಟ್ರು ದಿನಾ ಬೆಳಿಗ್ಗೆ ತಾವು ಮುಖ ತೊಳೆಯುವ ಮುಂಚೆ ಅದರ ಗಾಜು ಒರೆಸುತ್ತಿದ್ದರು. ಹಿಂದಿನ ಗಾಜಿನ ಮೇಲೆ ಪೇಂಟರನ ಬೆನ್ನಿಗೆ ನಿಂತು ಬರೆಸಿದ ಸಾಲೊಂದಿತ್ತು: 'ನಮ್ಮಲ್ಲಿ ಕಲಿತವರು ಒಂದೇ ಸಲಕ್ಕೆ ಪಾಸ್.' ಆ ಸಾಲು ಸುಳ್ಳಲ್ಲ. ತೊಂದರೆ ಇದ್ದದ್ದೇ ಅಲ್ಲಿ.

ಅದು ಹೇಗೆ ಶುರುವಾಯಿತೆಂದು ಅವರಿಗೇ ನೆನಪಿಲ್ಲ. ಮೊದಮೊದಲು ಅಪಾಯ ಕಂಡರೆ ತುಳಿಯುತ್ತಿದ್ದರು. ಆಮೇಲೆ ಅಪಾಯ ಬರುವ ಮುಂಚೆ. ಆಮೇಲೆ, ಗಾಡಿ ಜರ್ಕ್ ಹೊಡೆದರೆ ಅಜ್ಜಿಗೆ ನೋವಾದೀತು ಎಂದು. ಬರಬರುತ್ತ ಕಾಲಿಗೆ ಅದೊಂದು ಚಟವಾಯಿತು. ಕಲಿಯಲು ಬರುವವರು ಹೆಚ್ಚಾಗಿ ಚಿಕ್ಕ ವಯಸ್ಸಿನವರು, ಚುರುಕು. ಮೇಷ್ಟ್ರ ಕಾಲಿನಲ್ಲಿ ಪಾಸಾಗಿ, ಆಮೇಲೆ ಎಲ್ಲೋ ಬಿದ್ದು ಎದ್ದು ತಾವೇ ಕಲಿತುಬಿಡುತ್ತಿದ್ದರು. ಯಾರೂ ಬಂದು ಕೇಳಲಿಲ್ಲ. ಕೇಳಿದವಳು ಹೆಂಡತಿ ಒಬ್ಬಳೇ. ಕಾರು ಬಂದ ವರ್ಷ ಅವಳಿಗೆ ಕಲಿಸಲು ಹೋಗಿದ್ದರು. ಮೂರನೇ ದಿನ ಅವಳು ನಡುರಸ್ತೆಯಲ್ಲಿ ಬಾಗಿಲು ತೆಗೆದು ಇಳಿದೇಬಿಟ್ಟಳು. "ನನ್ನ ಕಾಲಡಿ ಪೆಡಲು ತಾನಾಗೇ ಇಳಿಯುತ್ತೆ. ನೀವೇ ಓಡ್ಸೋದಾದ್ರೆ ನಾನ್ಯಾಕ್ರೀ ಬೊಂಬೆ ಥರ ಕೂರ್ಲಿ? ಮನೇಲಿ ನೂರೆಂಟು ಕೆಲ್ಸ ಬಿದ್ದಿದೆ." ಅವತ್ತಿನಿಂದ ಅವಳು ಆ ಸೀಟಿಗೆ ಕೂತಿರಲಿಲ್ಲ.

ಉಳಿದವರದೆಲ್ಲ ಹೇಗೋ ಆಯಿತು. ನರ್ಸಮ್ಮನದು ಹಾಗಾಗಲಿಲ್ಲ.

ನರ್ಸಮ್ಮನಿಗೆ ಐವತ್ತೆರಡು ವರ್ಷ. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಗಾಯ ತೊಳೆದು, ಮಗ್ಗುಲು ಬದಲಿಸಿ, ಲಕ್ವ ಹೊಡೆದವರಿಗೆ ಮತ್ತೆ ಹೆಜ್ಜೆ ಇಡಿಸುವ ಕೆಲಸ. ದಿನಕ್ಕೆ ಆರು ಬಸ್ಸು ಹತ್ತಿ ಇಳಿದು ಮಂಡಿ ಹಿಡಿದುಕೊಂಡಿತ್ತು. ಕಾರು ಕಲಿತರೆ ದಿನಕ್ಕೆ ಇನ್ನಿಬ್ಬರನ್ನು ನೋಡಬಹುದಲ್ಲ ಎಂದು ಬಂದಿದ್ದರು. ಬೇರೆಲ್ಲದರಲ್ಲೂ ಗಟ್ಟಿಗಿತ್ತಿ, ಎಂಥ ಹುಣ್ಣು ಕಂಡರೂ ಮುಖ ಹಿಂಡಿದವರಲ್ಲ. ಸ್ಟಿಯರಿಂಗ್ ಹಿಡಿದರೆ ಮಾತ್ರ ಅಂಗೈ ನೀರಾಗುತ್ತಿತ್ತು. ಮೂರನೇ ವಾರ ಸರ್ಕಲ್ಲಿನಲ್ಲಿ ಗಾಡಿ ಆಫ್ ಆಗಿ, ಹಿಂದಿನವನೊಬ್ಬ ಬಾಯಿಗೆ ಬಂದಂತೆ ಬೈದಾಗ, ಅತ್ತುಬಿಟ್ಟರು.

"ನನ್ನ ಕೈಲಾಗಲ್ಲ ಮೇಷ್ಟ್ರೇ. ಬಿಟ್ಬಿಡ್ತೀನಿ."

ಬಿಡಬೇಡಿ ಎಂದರು ಮೇಷ್ಟ್ರು. ಮಾರನೆಯ ದಿನದಿಂದ ಮೇಷ್ಟ್ರ ಕಾಲುಗಳೇ ನರ್ಸಮ್ಮನ ಕಾಲುಗಳಾದವು. ಹತ್ತು ದಿನಕ್ಕೆ ಗಾಡಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೊರಡತೊಡಗಿತು. "ಅಜ್ಜಿ ಪೆಡಲು ಹೂವಿನ ಹಾಗಿದೆ ಮೇಷ್ಟ್ರೇ. ಕಾಲಿಟ್ರೆ ಸಾಕು, ಅದೇ ಇಳಿಯುತ್ತೆ. ನನ್ನ ಮನಸ್ಸು ಅದಕ್ಕೆ ಗೊತ್ತಾಗುತ್ತೆ," ಎಂದರು ಅವರು. ಮೇಷ್ಟ್ರು ಕಿಟಕಿಯಾಚೆ ನೋಡಿದರು.

ಇನ್ನೆರಡು ತಿಂಗಳು ತಾಳ್ಮೆಯಿಂದ ಕಲಿಸಿದ್ದರೆ ಆ ಹೆಂಗಸು ಕಲಿಯುತ್ತಿದ್ದರು. ಅದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅವರು ಹೋದ ಮನೆಯಲ್ಲೆಲ್ಲ ಮೇಷ್ಟ್ರ ಗುಣಗಾನ ಮಾಡುತ್ತಿದ್ದರು, ಹೊಗಳಿಕೆ ಯಾರಿಗೆ ಬೇಡ? ಪರೀಕ್ಷೆಯ ದಿನ ಇನ್ಸ್‌ಪೆಕ್ಟರ್ ಹಿಂದಿನ ಸೀಟಿನಲ್ಲಿ ಕೂತಿದ್ದ. ಜೋಡಿ ಪೆಡಲಿನ ಕಾರಿನಲ್ಲಿ ಮೇಷ್ಟ್ರು ಮುಂದೆ ಎಡಗಡೆ ಕೂರಬಹುದು, ಅದು ರೂಢಿ. ಏರಿನಲ್ಲಿ ನಿಲ್ಲಿಸಿ ಹೊರಡಿಸಿ ಎಂದ ಇನ್ಸ್‌ಪೆಕ್ಟರ್. ನರ್ಸಮ್ಮ ಆ್ಯಕ್ಸಿಲರೇಟರ್ ಒತ್ತಿದರು, ಉಳಿದದ್ದನ್ನು ಮೇಷ್ಟ್ರ ಕಾಲು ನೋಡಿಕೊಂಡಿತು. ಗಾಡಿ ಒಂದು ಬೆರಳಷ್ಟೂ ಹಿಂದೆ ಜಾರಲಿಲ್ಲ. "ಭೇಷ್!" ಎಂದಿತು ಹಿಂದಿನ ಸೀಟು. ಕೆಳಗಿಳಿದ ನರ್ಸಮ್ಮ ಬಾನೆಟ್ಟಿನ ಮೇಲೆ ಕೈಯಿಟ್ಟು ಕಣ್ಣು ತುಂಬಿಕೊಂಡು ನಿಂತರು, ಬೆಚ್ಚಗಿನ ಬಾನೆಟ್ಟು.

ಅಜ್ಜಿಯನ್ನು ಮಾರಬೇಕಾಗಿದೆ ಎಂದು ತಿಳಿದೊಡನೆ ಬಂದವರೂ ಅವರೇ.

"ಬೇರೆ ಯಾರಿಗೂ ಕೊಡ್ಬೇಡಿ. ನನ್ನ ಮೈದುನನ ಕಾರು ಒಂದ್ಸಲ ಓಡ್ಸೋಕೆ ಹೋದೆ, ಹೆಜ್ಜೆ ಹೆಜ್ಜೆಗೂ ಆಫ್. ಅದು ನನ್ನ ಮಾತೇ ಕೇಳಲ್ಲ. ನನಗೆ ಅಜ್ಜೀನೇ ಸರಿ."

ಹೇಳುವುದಿದ್ದರೆ ಆಗ ಹೇಳಬೇಕಿತ್ತು. ನರ್ಸಮ್ಮ ಎದುರಿಗೇ ಕೂತಿದ್ದರು, ಬೆಳಗಿನ ಹತ್ತು ಗಂಟೆ, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. 'ಕಾರಿನ ತಪ್ಪಲ್ಲ ಅದು' ಎಂಬ ಮೂರು ಪದ. ಮೇಷ್ಟ್ರು ಬಾಯಿ ತೆರೆದರು. "ಅಜ್ಜಿಗೂ ನೀವಂದ್ರೆ ಇಷ್ಟ," ಎಂದರು. ಎಂದಮೇಲೆ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

ಪೆಡಲು ಕಿತ್ತ ದಿನ ಸಂಜೆ ಹೆಂಡತಿ ಕೇಳಿದಳು, "ಹೇಳಿದ್ರಾ?"

"ಏನನ್ನ?"

"ನನ್ಹತ್ರ ನಾಟಕ ಬೇಡ."

"ಈಗ ಹೇಳಿ ಅವ್ರ ಮನಸ್ಸು ಮುರಿಯೋದ್ಯಾಕೆ? ಓಡಿಸ್ತಾ ಓಡಿಸ್ತಾ ಅಭ್ಯಾಸ ಆಗುತ್ತೆ."

"ಮುರಿಯೋದು ಅವ್ರ ಮನಸ್ಸಾ, ನಿಮ್ಮ ಗಾಜಿನ ಮೇಲಿನ ಬರಹಾನಾ?" ಎಂದಳು ಹೆಂಡತಿ. "ನಾಳೆ ಆ ಹೆಂಗಸು ಎಲ್ಲಾದ್ರೂ ಗುದ್ದಿಕೊಂಡ್ರೆ? ಮಾಡಿದ್ದುಣ್ಣೋ ಮಹರಾಯ ಅಂತಾರೆ. ಇಲ್ಲಿ ಮಾಡೋರು ನೀವು, ಉಣ್ಣೋರು ಅವ್ರು."

ಮೇಷ್ಟ್ರು ಹೊರಗೆ ಹೋಗಿ, ಅಜ್ಜಿಯ ಹಿಂದಿನ ಗಾಜಿನ ಮೇಲಿದ್ದ ಅಕ್ಷರಗಳನ್ನು ಬ್ಲೇಡಿನಿಂದ ಕೆರೆಯಲು ಕೂತರು. ಮಾರಿದ ಗಾಡಿಯ ಮೇಲೆ ಶಾಲೆಯ ಬರಹ ಉಳಿಸುವ ಹಾಗಿರಲಿಲ್ಲ. ಪೇಂಟರ್ ಅದೇ ಸಾಲನ್ನು ಹೊಸ ಕಾರಿನ ಮೇಲೆ ಬರೆಯಲು ಫೋನ್ ಮಾಡಿದ್ದ. ಆಮೇಲೆ ಹೇಳ್ತೀನಿ ಎಂದಿದ್ದರು.

ಮಾರನೆಯ ದಿನ ನರ್ಸಮ್ಮ ಬಂದು ಓಡಿಸಿಕೊಂಡು ಹೋಗುತ್ತೇನೆಂದರೂ ಬಿಡದೆ, "ನಾನೇ ಮನೆಗೆ ತಂದು ಒಪ್ಪಿಸ್ತೀನಿ, ಅದು ಮರ್ಯಾದೆ," ಎಂದು ತಾವೇ ಓಡಿಸಿಕೊಂಡು ಹೊರಟರು. ಎಂಥ ಮರ್ಯಾದೆ! ತಮ್ಮ ಕಣ್ಣೆದುರು ಗಾಡಿ ಆಫ್ ಆಗುವುದನ್ನು ನೋಡಲು ಅವರಿಗೆ ಧೈರ್ಯವಿರಲಿಲ್ಲ, ಅಷ್ಟೇ. ಹೆಂಡತಿ ಗೇಟಿನ ತನಕ ಬಂದಳು. ಇಪ್ಪತ್ತೆರಡು ವರ್ಷ ಮುನಿಸಿಕೊಂಡಿದ್ದ ಕಾರಿನ ಕನ್ನಡಿಯನ್ನು ಸೆರಗಿನಲ್ಲಿ ಒರೆಸಿ, "ಹೋಗ್ಬಾ," ಎಂದಳು. ಅಜ್ಜಿ ಒಮ್ಮೆ ಕೆಮ್ಮಿ ಹೊರಟಿತು.

ನರ್ಸಮ್ಮನ ಮನೆಯ ಮುಂದೆ ಗೋಡೆಯ ಬದಿಗೆ ಅದನ್ನು ನಿಲ್ಲಿಸಿ, ಬೀಗದ ಕೈ ಕೊಟ್ಟು, ಕೊಟ್ಟ ನೀರನ್ನೂ ಪೂರ್ತಿ ಕುಡಿಯದೆ ಮೇಷ್ಟ್ರು ಬಸ್ಸು ಹತ್ತಿದರು. ಕಾರು ಬಿಟ್ಟು ಬಂದವರಿಗೆ ದುಃಖವಾಗಬೇಕು. ಇಷ್ಟು ವರ್ಷ ಅನ್ನ ಹಾಕಿದ ಗಾಡಿ, ಒಂದು ಸಲ ತಿರುಗಿ ನೋಡಿ ಕಣ್ಣೊರೆಸಿಕೊಂಡು ಬರುವ ಭಾಗ್ಯವೂ ಅವರಿಗೆ ಇರಲಿಲ್ಲ. ಕದ್ದ ಮಾಲು ದಾಟಿಸಿ ಬಂದವರ ಹಾಗೆ ಬಸ್ಸಿನ ಹಿಂದಿನ ಮೂಲೆಯಲ್ಲಿ ಮುದುಡಿ ಕೂತರು.

ಹೊಸ ಕಾರಿಗೆ ಹೆಂಡತಿ ಆಗಲೇ ಸೊಸೆ ಎಂದು ಹೆಸರಿಟ್ಟಿದ್ದಳು. ಬೆಲ್ಟು ಹಾಕದಿದ್ದರೆ ಕಿರುಚುತ್ತೆ, ಬಾಗಿಲು ಸರಿ ಹಾಕದಿದ್ದರೆ ಕಿರುಚುತ್ತೆ, ಮನೆಗೆ ಬಂದ ಮೂರೇ ದಿನಕ್ಕೆ ಎಲ್ಲರನ್ನೂ ಸಾಲಾಗಿ ಕೂರಿಸಿದೆ ಎಂದು. ಮೇಷ್ಟ್ರಿಗೆ ನಗು ಬರಲಿಲ್ಲ. ಸೊಸೆಗೂ ಎಡಗಡೆ ಎರಡು ಪೆಡಲು ಹಾಕಿಸಿಯಾಗಿತ್ತು, ಕಪ್ಪು ರಬ್ಬರು ಮಿರಮಿರ ಮಿಂಚುತ್ತಿತ್ತು. ಮೊದಲ ದಿನ ಕಲಿಯಲು ಬಂದವನ ಪಕ್ಕದಲ್ಲಿ ಕೂತಾಗ ಕಾಲು ತಾನಾಗಿ ಅವುಗಳ ಮೇಲೆ ಹೋಯಿತು. ಬೆಂಕಿ ಮುಟ್ಟಿದಂತೆ ಹಿಂದೆಳೆದುಕೊಂಡರು. ಗಾಡಿ ಕುಪ್ಪಳಿಸಿ ನಿಂತುಹೋಯಿತು. ಮತ್ತೆ ಕಾಲಿಟ್ಟರು.

ನಾಲ್ಕನೆಯ ದಿನ ನರ್ಸಮ್ಮನ ಫೋನು ಬಂತು.

"ಮೇಷ್ಟ್ರೇ, ಬೇಜಾರ್ ಮಾಡ್ಕೋಬೇಡಿ," ಎಂದರು. ಬೇಜಾರು ಮಾಡಿಕೊಳ್ಳಬೇಕಾದವರು ಕ್ಷಮೆ ಕೇಳುತ್ತಿದ್ದರು. "ಅಜ್ಜಿ ನನ್ನ ಹತ್ರ ಹೊಂದ್ಕೊಳ್ತಾ ಇಲ್ಲ. ಕ್ಲಚ್ಚು ಕಲ್ಲಾಗ್ಬಿಟ್ಟಿದೆ. ನಾಲ್ಕು ದಿನದಿಂದ ನಮ್ಮ ಬೀದಿ ತಿರುವು ದಾಟಿಲ್ಲ. ನಿನ್ನೆ ಹಿಂದೆ ಜಾರಿ ಗೇಟಿನ ಕಂಬಕ್ಕೆ ತಾಗ್ತು. ಆ ಮೆಕ್ಯಾನಿಕ್ಕು ಪೆಡಲು ಕೀಳೋವಾಗ ಏನೋ ಎಡವಟ್ಟು ಮಾಡಿದಾನೆ ಅನ್ಸುತ್ತೆ. ಅಲ್ವಾ?"

"ಇರಬಹುದು," ಎಂದರು ಮೇಷ್ಟ್ರು.

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದೇ ಮಾತು. ಆದರೆ ಇಪ್ಪತ್ತು ವರ್ಷದ ಗೆಳೆಯನ ತಲೆಗೆ ತಪ್ಪು ಕಟ್ಟಲು ಆ ಒಂದು ಮಾತು ಸಾಕಾಯಿತು. ಫೋನಿಟ್ಟ ಮೇಲೆ ಮೇಷ್ಟ್ರು ಅಂಗೈಯಿಂದ ಬಾಯಿ ಒರೆಸಿಕೊಂಡರು.

ಮಾರನೆಯ ದಿನ ಮಧ್ಯಾಹ್ನ ಮೈದುನನ ಕೈಯಲ್ಲಿ ಓಡಿಸಿಕೊಂಡು ನರ್ಸಮ್ಮ ಗಾಡಿಯನ್ನು ಶೆಡ್ಡಿಗೆ ತಂದರು. ಅವರು ಕರೆದಿದ್ದರಿಂದ ಮೇಷ್ಟ್ರೂ ಬಂದಿದ್ದರು. ಮೈದುನ ಕೆಲಸವಿದೆಯೆಂದು ಇಳಿದು ಹೋದ. ಅಜ್ಜಿಯ ಹಿಂದಿನ ಬಂಪರು ಒಂದು ಕಡೆ ಬಾಗಿತ್ತು. ನರ್ಸಮ್ಮನ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಕೈಯಲ್ಲಿ ಔಷಧಿಯ ಚೀಲ, ಇಲ್ಲಿಂದ ನೇರ ರೋಗಿಯ ಮನೆಗೆ ಹೋಗುವವರು.

"ಏನಪ್ಪಾ ಮಾಡಿದೆ ನಮ್ಮಜ್ಜಿಗೆ?" ಎಂದು ಮೆಕ್ಯಾನಿಕ್ಕನ್ನು ತರಾಟೆಗೆ ತೆಗೆದುಕೊಂಡರು. "ಮೇಷ್ಟ್ರೂ ಹೇಳಿದ್ರು, ನಿನ್ನ ಕೈವಾಡವೇ ಇರಬಹುದು ಅಂತ."

ಮೆಕ್ಯಾನಿಕ್ ಮೇಷ್ಟ್ರ ಮುಖ ನೋಡಿದ. ಅವರು ಗೋಡೆಗೆ ತೂಗುಹಾಕಿದ್ದ ಫ್ಯಾನ್ ಬೆಲ್ಟುಗಳನ್ನು ಎಣಿಸುತ್ತಿರುವವರಂತೆ ನಿಂತಿದ್ದರು. ಅವನು ಅಜ್ಜಿಯನ್ನು ತೆಗೆದುಕೊಂಡು ಎರಡು ಬೀದಿ ಸುತ್ತಿ ಬಂದ. ನಿಲ್ಲಿಸಿದ, ಹೊರಡಿಸಿದ, ಹಿಂದೆ ತೆಗೆದ, ಮತ್ತೆ ನಿಲ್ಲಿಸಿದ.

"ಗಾಡಿ ಗಟ್ಟಿಮುಟ್ಟಾಗಿದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ಬೇಡಿ ನರ್ಸಮ್ಮ," ಎಂದ ಇಳಿಯುತ್ತ. "ನಾನು ಕಿತ್ತಿದ್ದು ಮೇಷ್ಟ್ರ ಕಡೆ ಪೆಡಲು. ನಿಮ್ಮ ಕಡೇದು ಮುಟ್ಟೇ ಇಲ್ಲ. ಕ್ಲಚ್ಚು ಮೊದಲೂ ಇಷ್ಟೇ ಬಿಗಿ ಇತ್ತು, ಈಗ್ಲೂ ಇಷ್ಟೇ ಇದೆ. ಮೇಷ್ಟ್ರ ಕಡೇದು ಸವೆದ..."

ಅಲ್ಲಿಗೆ ಅವನ ಮಾತು ನಿಂತಿತು. ಗುಜರಿ ಡಬ್ಬದ ಕಡೆ ಒಮ್ಮೆ ನೋಡಿದ. ಮೂವತ್ತು ವರ್ಷ ಯಂತ್ರದ ಜೊತೆ ಬಾಳಿದವನು, ಕಬ್ಬಿಣ ಯಾಕೆ ಸವೆಯುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವನು ಬಟ್ಟೆ ತುಂಡಿನಿಂದ ಕೈ ಒರೆಸಿಕೊಳ್ಳತೊಡಗಿದ, ಆಗಲೇ ಒರೆಸಿಕೊಂಡಿದ್ದ ಕೈಯನ್ನೇ. ಅವನು ಬೈದಿದ್ದರೆ ಮೇಲಿತ್ತು.

"ನಿಮ್ಮ ಕಾಲಲ್ಲ ಅದು," ಎಂದರು ಮೇಷ್ಟ್ರು. ತಮ್ಮ ದನಿ ತಮಗೇ ಗುರುತು ಸಿಗಲಿಲ್ಲ.

"ಯಾವ ಕಾಲು?" ಎಂದರು ನರ್ಸಮ್ಮ.

"ಕ್ಲಚ್ಚು, ಬ್ರೇಕು. ನೀವು ತುಳೀತಾ ಇರ್ಲಿಲ್ಲ. ನಾನು ತುಳೀತಾ ಇದ್ದೆ. ನೀವು ಅವತ್ತು ಅತ್ತಿರಲ್ಲ, ಅದರ ಮಾರನೇ ದಿನದಿಂದ. ಅದಕ್ಕೇ ಹೂವಿನ ಹಾಗೆ ಇಳೀತಿತ್ತು. ಅಜ್ಜೀದೂ ತಪ್ಪಿಲ್ಲ, ಇವನದೂ ತಪ್ಪಿಲ್ಲ."

ನರ್ಸಮ್ಮ ರೋಗಿಯ ಜ್ವರ ನೋಡುವವರ ಹಾಗೆ ಅವರ ಮುಖವನ್ನೇ ನೋಡುತ್ತಿದ್ದರು.

"ಪರೀಕ್ಷೆ ದಿನಾನೂ?"

"ಹೂಂ."

"ಏರಲ್ಲಿ ನಿಲ್ಲಿಸಿ ಹೊರಡ್ಸಿದ್ದು?"

"ಹೂಂ."

ಅವರು ಚೀಲದಿಂದ ಲೈಸೆನ್ಸು ತೆಗೆದು ನೋಡಿದರು. "ಫೋಟೋ ಮಾತ್ರ ನನ್ನದು ಹಾಗಾದ್ರೆ," ಎಂದರು. ನಗುತ್ತಾರೇನೋ ಅನ್ನಿಸಿತು, ನಗಲಿಲ್ಲ. "ಒಬ್ಬರಿದಾರೆ, ರಿಟೈರ್ಡ್ ಪೋಸ್ಟ್‌ಮಾಸ್ಟರು. ಒಂದು ಕಡೆ ಪೂರ್ತಿ ಬಿದ್ದುಹೋಗಿದೆ. ಹೆಜ್ಜೆ ಇಡಿ ಅಂದ್ರೆ ಮಗು ಥರ ಅಳ್ತಾರೆ. ಅವ್ರಿಗೆ ದಿನಾ ಹೇಳ್ತಿದ್ದೆ, ನೋಡಿ ಸಾರ್, ನಾನು ಐವತ್ತೆರಡಕ್ಕೆ ಕಾರು ಕಲ್ತೆ, ನಿಮಗೆ ಎರಡು ಹೆಜ್ಜೆ ಇಡಕ್ಕಾಗಲ್ವಾ ಅಂತ. ಅದನ್ನ ಕೇಳಿಕೊಂಡು ಎದ್ದು ನಿಂತ್ರು ಮೇಷ್ಟ್ರೇ, ಹೋದ ತಿಂಗಳು. ಈ ಸುಳ್ಳಿನ ಮೇಲೆ ಎದ್ದು ನಿಂತ್ರು."

ಮೇಷ್ಟ್ರಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. "ನೀವು ಬಿಟ್ಟುಹೋಗ್ತೀರಿ ಅಂತ... ನಿಮಗೆ ಧೈರ್ಯ ಬರ್ಲಿ ಅಂತ..." ಎಂದು ತೊದಲಿದರು.

"ನಾನೂ ಅದೇ ಕೆಲಸ ಮಾಡೋಳು," ಎಂದರು ನರ್ಸಮ್ಮ. "ಹಿಡ್ಕೊಂಡಿದೀನಿ, ಹೆದರ್ಬೇಡಿ ಅಂತ ಹೇಳಿ ಕೈ ಬಿಟ್ಟಿದೀನಿ, ಎಷ್ಟೋ ಜನಕ್ಕೆ. ಹಾಗೇ ನಡೆಯೋದು ಕಲಿಯೋದು. ಕೈ ಬಿಟ್ಟಿದೀನಿ, ನೀವೇ ನಡೀತಿದೀರಿ ಅಂತ ಹೇಳಿ ನಿಮ್ಮ ಹಾಗೆ ಹಿಡ್ಕೊಂಡಿರ್ಲಿಲ್ಲ, ಯಾವತ್ತೂ."

ಮೆಕ್ಯಾನಿಕ್ ಶೆಡ್ಡಿನ ಆ ಕಡೆಗೆ ಹೋಗಿ ಸುಮ್ಮನೆ ಟಯರೊಂದನ್ನು ಉರುಳಿಸಿದ.

"ಗಾಡಿ ವಾಪಸ್ ತಗೋತೀನಿ ನರ್ಸಮ್ಮ. ಇವತ್ತೇ."

"ಗಾಡಿ ಏನ್ ತಪ್ಪು ಮಾಡಿದೆ?" ಎಂದು ಅವರು ಗದರಿದರು. ಕಣ್ಣೊರೆಸಿಕೊಂಡು ವಾಚು ನೋಡಿಕೊಂಡರು. "ಪೋಸ್ಟ್‌ಮಾಸ್ಟರಿಗೆ ಇಂಜೆಕ್ಷನ್ ಹೊತ್ತಾಯ್ತು. ಹತ್ತಿ."

ಮೇಷ್ಟ್ರು ಅಭ್ಯಾಸಬಲದಿಂದ ಮುಂದಿನ ಎಡಬಾಗಿಲಿಗೆ ಕೈಹಾಕಿದರು.

"ಅಲ್ಲಲ್ಲ, ಹಿಂದೆ. ನಿಮ್ಮ ಕಾಲು ನನ್ನ ಕಣ್ಣಿಗೆ ಬೀಳೋದು ಬೇಡ."

ಇಪ್ಪತ್ತೆರಡು ವರ್ಷದಲ್ಲಿ ಅಜ್ಜಿಯ ಹಿಂದಿನ ಸೀಟಿನಲ್ಲಿ ಅವರು ಕೂತದ್ದು ಅದೇ ಮೊದಲು. ಮಂಡಿ ಮುಂದಿನ ಸೀಟಿಗೆ ತಾಗುತ್ತಿತ್ತು. ಗಾಡಿ ಶೆಡ್ಡಿನ ಬಾಗಿಲಲ್ಲಿ ಎರಡು ಸಲ ಆಫ್ ಆಯಿತು, ರಸ್ತೆಗಿಳಿಯುವಾಗ ಒಂದು ಸಲ. ಪ್ರತಿ ಸಲ ಕುಪ್ಪಳಿಸಿದಾಗಲೂ ಮೇಷ್ಟ್ರ ಕಾಲು ಇಲ್ಲದ ಪೆಡಲನ್ನು ತುಳಿಯುತ್ತಿತ್ತು. "ಕ್ಲಚ್ಚು ನಿಧಾನ ಬಿಡಿ, ಅರ್ಧಕ್ಕೆ..." ಎಂದರು.

"ಮಾತಾಡ್ಬೇಡಿ," ಎಂದರು ನರ್ಸಮ್ಮ, ತಿರುಗದೆ.

ಅವರ ಕುತ್ತಿಗೆ ಬೆವರಿತ್ತು. ನೆಟ್ಟಗಿನ ರಸ್ತೆಯಲ್ಲಿ ಗಾಡಿ ಸ್ವಲ್ಪ ಹಿಡಿತಕ್ಕೆ ಬಂತು. ಮೊದಲನೇ ಗೇರು, ಎರಡನೇ ಗೇರು. ಮೂರಕ್ಕೆ ಹೋಗುವಾಗ ಹಲ್ಲು ಕಡಿದ ಸದ್ದಾಯಿತು, ಆದರೂ ಹೋಯಿತು. ರೈಲ್ವೆ ಮೇಲ್ಸೇತುವೆಯ ಏರು ಹತ್ತುವ ತನಕ ಮೇಷ್ಟ್ರಿಗೆ ಉಸಿರಾಡಲು ಸಾಧ್ಯವಾಯಿತು. ಏರಿನ ನಡುವೆ ಮುಂದಿನ ಬಸ್ಸು ನಿಂತುಬಿಟ್ಟಿತು.

ಅಜ್ಜಿಯೂ ನಿಂತಿತು. ಬಸ್ಸು ಹೊರಟಿತು, ಅಜ್ಜಿ ಹೊರಡಲಿಲ್ಲ. ಕುಪ್ಪಳಿಸಿ ಆಫ್ ಆಯಿತು. ಎರಡನೇ ಸಲ ಒಂದು ಮೊಳ ಹಿಂದೆ ಜಾರಿತು. ನರ್ಸಮ್ಮ ಹ್ಯಾಂಡ್‌ಬ್ರೇಕ್ ಎಳೆದರು. ಹಿಂದೆ ಒಂದು ಲಾರಿ, ಅದರ ಹಿಂದೆ ಊರೆಲ್ಲ. ಹಾರ್ನುಗಳು ಶುರುವಾದವು.

ಬದಿಯಿಂದ ತೂರಿಕೊಂಡು ಬಂದ ಟ್ಯಾಕ್ಸಿಯವನೊಬ್ಬ ಕಿಟಕಿಯಿಂದ ಇಣುಕಿದ. ಹತ್ತು ವರ್ಷದ ಹಿಂದೆ ಇದೇ ಕಾರಿನಲ್ಲಿ ಕಲಿತವನು. "ಓಹೋ ಮೇಷ್ಟ್ರು! ಹಿಂದೆ ಕೂತ್ಬಿಟ್ಟಿದೀರಾ? ಹೊಸ ಸ್ಟೂಡೆಂಟಾ?"

ಹೂಂ ಎಂದರೆ ಸಾಕಿತ್ತು. ನರ್ಸಮ್ಮ ಕನ್ನಡಿಯಲ್ಲಿ ಅವರನ್ನೇ ನೋಡುತ್ತಿದ್ದರು.

"ಅಲ್ಲಪ್ಪಾ, ಪಾಸಾದವರೇ," ಎಂದರು ಮೇಷ್ಟ್ರು. ಹಾರ್ನುಗಳ ಮೇಲೆ ಕೇಳಿಸಲೆಂದು ಗಟ್ಟಿಯಾಗಿ ಹೇಳಬೇಕಾಯಿತು. "ನಾನು ಕಲಿಸಿರ್ಲಿಲ್ಲ. ನಾನು ಕಲಿಸದೇ ಪಾಸ್ ಮಾಡ್ಸಿದ್ದೆ."

ಟ್ಯಾಕ್ಸಿಯವನಿಗೆ ಅರ್ಥವಾಗಲಿಲ್ಲ. ಪೆಚ್ಚಾಗಿ ನಕ್ಕು ಮುಂದೆ ಹೋದ. ಮೇಷ್ಟ್ರು ಬಾಗಿಲು ತೆಗೆದು ಇಳಿದರು. ಹಿಂದಕ್ಕೆ ಹೋಗಿ, ಲಾರಿಗೂ ಅಜ್ಜಿಗೂ ನಡುವಿನ ಜಾಗದಲ್ಲಿ ನಿಂತು, ಲಾರಿಯ ಕಡೆ ಒಂದು ಕೈ ಎತ್ತಿದರು.

"ಅಲ್ಲಿ ಯಾಕ್ ನಿಂತ್ರಿ? ಸರೀರಿ!" ಎಂದು ನರ್ಸಮ್ಮ ಕಿಟಕಿಯಿಂದ ಕೂಗಿದರು. "ಜಾರಿದ್ರೆ ನಿಮ್ಮ ಮೇಲೇ ಬರುತ್ತೆ!"

"ಬರಲ್ಲ. ಹೊರಡಿ ನೀವು. ಹೊರಟ ಮೇಲೆ ನಿಲ್ಲಿಸ್ಬೇಡಿ. ನನ್ನನ್ನ ಹತ್ತಿಸ್ಕೊಳ್ಳೋಕಂತೂ ನಿಲ್ಲಿಸ್ಲೇಬೇಡಿ."

ಬರಲ್ಲ ಎಂದು ಅವರಿಗೇನು ಗೊತ್ತಿತ್ತು? ಏನೂ ಗೊತ್ತಿರಲಿಲ್ಲ. ನಂಬಿಕೆಯೊಂದನ್ನು ಬಿಟ್ಟು ಈ ಜನ್ಮದಲ್ಲಿ ಆ ಹೆಂಗಸಿಗೆ ಕೊಡಲು ತಮ್ಮಲ್ಲಿ ಬೇರೆ ಏನೂ ಉಳಿದಿಲ್ಲ ಎಂದಷ್ಟೇ ಗೊತ್ತಿತ್ತು. ಅದನ್ನು ಕೊಡಬೇಕಾದಾಗ ಕೊಟ್ಟಿರಲಿಲ್ಲ.

ಎಂಜಿನ್ನು ಹೊತ್ತಿತು. ಸದ್ದು ಏರಿತು, ಬಹಳ ಏರಿತು. ಬಂಪರು ಒಂದು ಗೇಣು ಹಿಂದೆ ಬಂತು, ಮೇಷ್ಟ್ರ ಮೊಣಕಾಲಿಗೆ ಮುಟ್ಟಿತು. ಮೇಷ್ಟ್ರು ಕಣ್ಣು ಮುಚ್ಚಲಿಲ್ಲ. ಅಲ್ಲಿ ಗಾಡಿ ನಡುಗುತ್ತ ನಿಂತಿತು. ಆಮೇಲೆ ಮೊಣಕಾಲು ಬಿಟ್ಟು ಮುಂದೆ ಹೋಯಿತು. ಒಂದು ಮಾರು. ಎರಡು ಮಾರು. ಕ್ಲಚ್ಚು ಸುಟ್ಟ ವಾಸನೆ ಬಂತು. ಮೊದಲನೇ ಗೇರಿನಲ್ಲೇ ಅರಚಿಕೊಂಡು ಅಜ್ಜಿ ಏರು ಹತ್ತಿತು, ಹಿಂದಿನ ಬಾಗಿಲು ಸರಿಯಾಗಿ ಮುಚ್ಚದೆ ಬಡಿದುಕೊಳ್ಳುತ್ತಿತ್ತು. ನೆತ್ತಿಯಲ್ಲಿ ಒಂದು ಕ್ಷಣ ಕಂಡು, ಆ ಕಡೆಗೆ ಇಳಿದುಹೋಯಿತು. ನರ್ಸಮ್ಮ ನಿಲ್ಲಿಸಲಿಲ್ಲ.

ಹಿಂದೆ ಲಾರಿಯ ಹಾರ್ನು ಉದ್ದಕ್ಕೆ ಕೂಗಿತು. ಡ್ರೈವರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ.

"ಯಜಮಾನ್ರೇ, ಕಾರು ಹೋಯ್ತಲ್ಲ! ಇನ್ನೂ ಯಾಕೆ ಅಡ್ಡ ನಿಂತಿದೀರಿ?"

ಮೇಷ್ಟ್ರು ಎತ್ತಿದ್ದ ಕೈ ಇಳಿಸಿ ರಸ್ತೆಯ ಬದಿಗೆ ಸರಿದರು.